ಮಜ್ಜೆಯ ಸಸಿಮಡಿ

ಕುಮಟೆಯಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿ ಅಘನಾಶಿನಿಯನ್ನು ದಾಟಿ, ಮಿರ್ಜಾನನ್ನು ಹಿಂದೆ ಬಿಟ್ಟು, ಹಿರೇಗುತ್ತಿಯನ್ನು ಹಾದುಹೋಗುತ್ತದೆ. ಮೃಗಶಿರಾ ಮಳೆ ಹಿಡಿಯಿತೆಂದರೆ ಆ ಸೀಮೆಯ ಬೇಸಾಯಗಾರನ ಕಣ್ಣೆಲ್ಲ ಸಸಿಮಡಿಯ ಮೇಲೆ. ಗದ್ದೆಯ ಒಂದು ಮೂಲೆಯ ಸಣ್ಣ ಮಡಿಯಲ್ಲಿ, ಇಡೀ ಗದ್ದೆಗೆ ಬೇಕಾಗುವ ಭತ್ತದ ಸಸಿಗಳು ಒತ್ತೊತ್ತಾಗಿ ಎದ್ದು ನಿಂತಿರುತ್ತವೆ. ನೆಟ್ಟಿಯ ದಿನವನ್ನು ಅವನು ಗೊತ್ತುಮಾಡುವುದು ಸಸಿಗಳ ಸಂಖ್ಯೆಯನ್ನು ಎಣಿಸಿ ಅಲ್ಲ. ಅವುಗಳ ವಯಸ್ಸನ್ನು ಲೆಕ್ಕಹಾಕಿ. ತೀರ ಎಳೆಯದನ್ನು ಕಿತ್ತು ನೀರು ನಿಂತ ಗದ್ದೆಗೆ ಹಾಕಿದರೆ ಅದು ಕೊಳೆತುಹೋಗುತ್ತದೆ. ಮಡಿಯಲ್ಲಿ ಬೆಳೆಯಬೇಕಾದಷ್ಟು ಬೆಳೆದ ಸಸಿ ಮಾತ್ರ ಹೊರಗಿನ ಬಾಳಿಗೆ ಯೋಗ್ಯ.

ಇಂಥದೇ ಒಂದು ಸಸಿಮಡಿ ಪ್ರತಿಯೊಬ್ಬ ಮನುಷ್ಯನ ಮೈಯೊಳಗೂ ಇದೆ. ಮಳೆಗಾಲ ಬೇಸಗೆಗಳೆಂಬ ಭೇದ ಅದಕ್ಕಿಲ್ಲ. ಹುಟ್ಟಿದಂದಿನಿಂದ ಕಡೆಯ ಉಸಿರಿನವರೆಗೆ ಅಲ್ಲಿ ಬಿತ್ತನೆಯೂ ನಡೆಯುತ್ತದೆ, ನೆಟ್ಟಿಯೂ ನಡೆಯುತ್ತದೆ. ಅದು ಮೂಳೆಯೊಳಗಿನ ಮಜ್ಜೆ.

ನಮ್ಮ ಆಯುರ್ವೇದದ ಸಪ್ತಧಾತುಗಳಲ್ಲಿ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಕ್ರಮವಿದೆ. ಒಂದು ಧಾತುವಿನಿಂದ ಮುಂದಿನದು ಪೋಷಣೆ ಪಡೆಯುತ್ತದೆಂಬುದು ಪ್ರಾಚೀನರ ಭಾವನೆ. ಆ ಲೆಕ್ಕದಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. 1868ರಲ್ಲಿ ಕೋನಿಗ್ಸ್‌ಬರ್ಗ್ ನಗರದ ಅರ್ನ್ಸ್ಟ್ ನಾಯ್ಮನ್ ಎಂಬ ವೈದ್ಯ ಈ ಸಂಬಂಧವನ್ನು ತಲೆಕೆಳಗು ಮಾಡಿದ. ಮೂಳೆಯನ್ನು ಹಿಂಡಿ ತೆಗೆದ ಕೆಂಪು ರಸವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ, ಮಜ್ಜೆಯೇ ರಕ್ತದ ತವರು ಎಂದು ಆತ ಸಾರಿದಾಗ ಹಲವರು ನಂಬಲಿಲ್ಲ. ಕಲ್ಲಿನಂಥ ಮೂಳೆಯ ಹೊಟ್ಟೆಯಲ್ಲಿ ಹರಿಯುವ ರಕ್ತ ಹುಟ್ಟೀತೆ? ಆದರೆ ನಿಜ ಅದೇ ಆಗಿತ್ತು. ಎಳೆಯ ಮಗುವಿನಲ್ಲಿ ಹೆಚ್ಚುಕಡಿಮೆ ಎಲ್ಲ ಮೂಳೆಗಳಲ್ಲಿಯೂ ಈ ಕೆಂಪು ಮಜ್ಜೆ ಇರುತ್ತದೆ. ಬೆಳೆದವರಲ್ಲಿ ಅದು ಸೊಂಟದ ಮೂಳೆ, ಎದೆಯ ನಡುಮೂಳೆ, ಪಕ್ಕೆಲುಬು, ಬೆನ್ನೆಲುಬು, ತಲೆಬುರುಡೆ ಮೊದಲಾದ ಕಡೆಗಳಿಗೆ ಸೀಮಿತವಾಗಿ, ಉಳಿದೆಡೆ ಕೊಬ್ಬು ತುಂಬಿಕೊಳ್ಳುತ್ತದೆ.

ಕೆಂಪುಕಣ, ಬಿಳಿಕಣ, ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆ, ಈ ಮೂರಕ್ಕೂ ಮೂಲವಾದ ಬೀಜಕಣಗಳು ಅಲ್ಲಿಯೇ ಇವೆ. ಇವುಗಳಲ್ಲಿ ಬಿಳಿಕಣದ ಬಾಲ್ಯವಂತೂ ಬಹು ಸೋಜಿಗದ್ದು.

* * *

ಬಿಳಿಕಣಗಳಲ್ಲಿ ಹಲವು ಜಾತಿಗಳಿದ್ದರೂ ರಕ್ತದಲ್ಲಿ ಹೆಚ್ಚಾಗಿ ಕಾಣುವುದು ನ್ಯೂಟ್ರೋಫಿಲ್ ಎಂಬುದು. ಗಾಯಕ್ಕೆ ಕೀವು ಕಟ್ಟಿದಾಗ, ಗಂಟಲು ಬಾತಾಗ, ರೋಗಾಣುಗಳ ಮೇಲೆ ಮೊದಲು ಬೀಳುವ ಕಾಲಾಳು ಇದು. ಇದರ ಶೈಶವದ ಹೆಸರು ಮೈಲೋಬ್ಲಾಸ್ಟ್. ಈ ಸ್ಥಿತಿಯಲ್ಲಿ ಅದು ದೊಡ್ಡ ಕಣ. ಒಡಲಿನ ಬಹುಭಾಗವನ್ನು ದುಂಡನೆಯ ನ್ಯೂಕ್ಲಿಯಸ್ಸೇ ಆಕ್ರಮಿಸಿರುತ್ತದೆ. ಕಾದಾಡುವ ಸಾಮಗ್ರಿ ಯಾವುದೂ ಇರುವುದಿಲ್ಲ. ಅದಕ್ಕೆ ತಿಳಿದಿರುವ ಕೆಲಸ ಒಂದೇ; ಒಡೆದು ಎರಡಾಗುವುದು.

ಮುಂದಿನ ಮೆಟ್ಟಿಲು ಪ್ರೋಮೈಲೋಸೈಟ್. ರೋಗಾಣುಗಳನ್ನು ಕೊಲ್ಲುವ ರಸಗಳನ್ನು ತುಂಬಿಕೊಂಡ ಕಾಳುಗಳು ಮೊದಲ ಸಲ ಇಲ್ಲಿ ಕಾಣಿಸಿಕೊಳ್ಳುತ್ತವೆ. ಅನಂತರದ್ದು ಮೈಲೋಸೈಟ್. ಇಲ್ಲಿಗೆ ಒಡೆದು ಎರಡಾಗುವ ಶಕ್ತಿ ಮುಗಿಯುತ್ತದೆ. ಇನ್ನು ಸಂತಾನವಿಲ್ಲ, ಶಿಕ್ಷಣ ಮಾತ್ರ. ಮೆಟಾಮೈಲೋಸೈಟ್ ಎಂಬ ಹಂತದಲ್ಲಿ ದುಂಡನೆಯ ನ್ಯೂಕ್ಲಿಯಸ್ಸು ಅವರೆಬೀಜದಂತೆ ಒಳಕ್ಕೆ ಬಾಗುತ್ತದೆ. ಬ್ಯಾಂಡ್ ಎಂಬ ಹಂತದಲ್ಲಿ ಬಗ್ಗಿಸಿದ ಪಟ್ಟಿಯಂತಾಗುತ್ತದೆ. ಕೊನೆಗೆ ಅದು ಮೂರು ನಾಲ್ಕು ಹೋಳುಗಳಾಗಿ, ನಡುವೆ ನವಿರಾದ ಎಳೆಯ ಬೆಸುಗೆಯಿಂದ, ಸಣ್ಣ ಸಂದಿನಲ್ಲಿಯೂ ನುಸುಳಬಲ್ಲ ಪ್ರೌಢಕಣವಾಗುತ್ತದೆ. ಮೊದಲಿನಿಂದ ಕೊನೆಯವರೆಗಿನ ಈ ಪಯಣಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಅಷ್ಟು ದಿನಗಳ ಸಿದ್ಧತೆಯಿಂದ ಹೊರಬಂದ ಕಣ ರಕ್ತದಲ್ಲಿ ತಿರುಗಾಡುವುದಾದರೂ ಎಷ್ಟು ಹೊತ್ತು? ಕೆಲವು ಗಂಟೆಗಳು, ಹೆಚ್ಚೆಂದರೆ ಒಂದೆರಡು ದಿನ. ಆದುದರಿಂದಲೇ ಮಜ್ಜೆಗೆ ಬಿಡುವೆಂಬುದಿಲ್ಲ. ಆರೋಗ್ಯವಂತನ ಮಜ್ಜೆ ದಿನವೊಂದಕ್ಕೆ ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೋಫಿಲ್‌ಗಳನ್ನು ಸಿದ್ಧಪಡಿಸಿ ಕಳುಹಿಸುತ್ತದೆ.

ಇಷ್ಟು ದೊಡ್ಡ ಸಂತೆಯಲ್ಲಿ ಶಿಶುಕಣಗಳ ಪಾಲು ಬಲು ಚಿಕ್ಕದು. ಮಜ್ಜೆಯಲ್ಲಿ ನೂರು ಕಣಗಳನ್ನು ಎಣಿಸಿದರೆ ಬ್ಲಾಸ್ಟ್ ಎನ್ನಿಸಿಕೊಳ್ಳುವ ಶಿಶುಗಳು ಐದಕ್ಕಿಂತ ಕಡಿಮೆ. ರಕ್ತದಲ್ಲಿಯೋ, ಅವು ಕಾಣಲೇಬಾರದು. ತೊಟ್ಟಿಲ ಕೂಸು ಹೆದ್ದಾರಿಯಲ್ಲಿ ಸಿಕ್ಕಿತೆಂದರೆ ಮನೆಯಲ್ಲಿ ಏನೋ ಅನಾಹುತವಾಗಿದೆಯೆಂದೇ ಅರ್ಥ.

* * *

ಹಿರೇಗುತ್ತಿಯಂಥ ಊರಿನಲ್ಲಿ ಏಳು ವರುಷದ ಹುಡುಗನೊಬ್ಬನಿದ್ದಾನೆಂದು ಭಾವಿಸೋಣ. ಮೂರು ವಾರಗಳಿಂದ ಬಿಟ್ಟು ಬಿಟ್ಟು ಜ್ವರ. ಮನೆಯಲ್ಲಿ ಕಷಾಯವಾಯಿತು, ದೃಷ್ಟಿ ತೆಗೆದದ್ದಾಯಿತು, ಊರ ಡಾಕ್ಟರ ಗುಳಿಗೆಯಾಯಿತು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಬಿಳಿಕಣಗಳ ಸಂಖ್ಯೆ ನಲವತ್ತು ಸಾವಿರ ಎಂದು ಬಂತು. ಬೆಳೆದವರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಮಾನ್ಯವಾಗಿ ಇರಬೇಕಾದ್ದು ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ. ಮಕ್ಕಳಲ್ಲಿ ತುಸು ಹೆಚ್ಚು.

"ಡಾಕ್ಟ್ರೇ, ಬಿಳಿಯವು ಮೈ ಕಾಯುವವು ಅಂತೀರಿ. ಕಾವಲಿನವರು ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೊ?" ಎಂದು ಅಜ್ಜ ಕೇಳುತ್ತಾನೆ.

"ಅಜ್ಜಾ, ಸಸಿ ಎಷ್ಟಿವೆ ಅಂತ ನೋಡಿ ನೆಟ್ಟಿ ಮಾಡುತ್ತೀರೊ, ಎಷ್ಟು ದಿನದ್ದು ಅಂತ ನೋಡಿ ಮಾಡುತ್ತೀರೊ?"

ಅಜ್ಜನಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಸಂಖ್ಯೆ ಹೆಚ್ಚಾಗುವುದರಲ್ಲಿಯೇ ಎರಡು ಬಗೆಯುಂಟು.

ಒಂದು, ಶತ್ರು ಬಂದಾಗಿನ ಹೆಚ್ಚಳ. ಪುಪ್ಪುಸದಲ್ಲಿ ನ್ಯುಮೋನಿಯ ಆಗಿದೆ, ಅಥವಾ ಹೊಟ್ಟೆಯೊಳಗೆ ಎಲ್ಲಿಯೋ ಕೀವಾಗಿದೆ. ಮಜ್ಜೆಗೆ ಕರೆ ಹೋಗುತ್ತದೆ. ಉಗ್ರಾಣದಲ್ಲಿದ್ದ ಪ್ರೌಢಕಣಗಳೆಲ್ಲ ಹೊರಟು ಮುಗಿದ ಮೇಲೆ, ಇನ್ನೂ ಪಾಠ ಮುಗಿಯದ ಬ್ಯಾಂಡ್‌ಗಳೂ ದಂಡು ಸೇರುತ್ತವೆ. ಹಾವಳಿ ಬಲವಾಗಿದ್ದರೆ ಮೆಟಾಮೈಲೋಸೈಟ್, ಮೈಲೋಸೈಟ್‌ಗಳೂ ಹೊರಬೀಳುತ್ತವೆ. ಎಳೆಯ ಕಣಗಳನ್ನು ಪಟ್ಟಿಯಲ್ಲಿ ಎಡಗಡೆಗೆ ಬರೆಯುವ ರೂಢಿಯಿಂದಾಗಿ ವೈದ್ಯರು ಇದನ್ನು 'ಎಡಕ್ಕೆ ಸರಿದ ರಕ್ತ' ಎನ್ನುತ್ತಾರೆ. ಇಲ್ಲಿ ಎಳೆಯರು ಮನೆ ಬಿಟ್ಟದ್ದು ಕರ್ತವ್ಯಕ್ಕಾಗಿ. ಶತ್ರು ಅಳಿದೊಡನೆ ಎಲ್ಲವೂ ಮೊದಲಿನ ಹದಕ್ಕೆ ಬರುತ್ತದೆ.

ಎಲ್ಲ ಜ್ವರಗಳೂ ಸಂಖ್ಯೆಯನ್ನು ಏರಿಸುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ ಮುಂದೆ ಉತ್ತರ ಕನ್ನಡದ ಕಾಡಂಚಿನ ಊರುಗಳಿಗೂ ಬಂತು. ಉಣ್ಣೆಯ ಕಡಿತದಿಂದ ಬರುವ ಈ ಜ್ವರದಲ್ಲಿ ಬಿಳಿಕಣಗಳೂ ಕಿರುಬಿಲ್ಲೆಗಳೂ ಕಡಿಮೆಯಾಗುತ್ತವೆ. ಆದುದರಿಂದ ಈ ಸೀಮೆಯಲ್ಲಿ ಜ್ವರದ ರೋಗಿಯ ರಕ್ತದ ಚೀಟಿಯನ್ನು ಓದುವ ವೈದ್ಯನಿಗೆ ಏರಿಕೆಯೂ ಒಂದು ಮಾತು, ಇಳಿತವೂ ಒಂದು ಮಾತು.

ಇನ್ನೊಂದು ಬಗೆಯ ಹೆಚ್ಚಳವೇ ಭಯಂಕರವಾದದ್ದು. ಅಲ್ಲಿ ಕರೆಯೂ ಇಲ್ಲ, ಶತ್ರುವೂ ಇಲ್ಲ. ಯಾವುದೋ ಒಂದು ಶಿಶುಕಣದ ವಂಶವಾಹಿಯಲ್ಲಿ ದೋಷ ತಲೆದೋರಿ, ಬೆಳೆಯುವ ವಿದ್ಯೆ ಅದಕ್ಕೆ ಮರೆತುಹೋಗುತ್ತದೆ. ಒಡೆದು ಎರಡಾಗುವ ವಿದ್ಯೆ ಮಾತ್ರ ಉಳಿಯುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಪ್ರೌಢವಾಗದ, ಮುಪ್ಪಾಗದ, ಯಾವ ಕೆಲಸಕ್ಕೂ ಬಾರದ ಶಿಶುಗಳೇ ಮಡಿಯನ್ನೆಲ್ಲ ತುಂಬುತ್ತವೆ. ಇದೇ ಲ್ಯುಕೀಮಿಯ; ಜನ ರಕ್ತದ ಕ್ಯಾನ್ಸರ್ ಎನ್ನುವುದು ಇದನ್ನೇ. 1845ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಮತ್ತು ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ವರ್ಣಿಸಿದರು. ಎರಡು ವರುಷಗಳ ಮೇಲೆ ವಿರ್ಚೋ ಗ್ರೀಕ್ ಮಾತುಗಳಿಂದ 'ಬಿಳಿಯ ರಕ್ತ' ಎಂಬರ್ಥದ ಹೆಸರನ್ನಿಟ್ಟ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಲಿಂಫೋಸೈಟ್ ಎಂಬ ಇನ್ನೊಂದು ಜಾತಿಯ ಬಿಳಿಕಣದ ಶಿಶುಗಳಿಂದ ಬರುವ ಲ್ಯುಕೀಮಿಯ. ಜಾತಿ ಬೇರೆಯಾದರೂ ಕಥೆಯ ತಿರುಳು ಒಂದೇ.

ಈ ರೋಗದ ಲಕ್ಷಣಗಳು ನೋಡುವವರಿಗೆ ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಆಟದಲ್ಲಿ ಬೇಗ ದಣಿಯುತ್ತದೆ. ಮೈಮೇಲೆ ಪೆಟ್ಟಾಗದೆಯೇ ನೀಲಿ ಕಲೆಗಳೇಳುತ್ತವೆ, ಒಸಡಿನಲ್ಲಿ ರಕ್ತ ಜಿನುಗುತ್ತದೆ. ಜ್ವರ ಬಿಟ್ಟರೂ ಮತ್ತೆ ಬರುತ್ತದೆ. ಕಾಲಿನ ಮೂಳೆಗಳು ನೋಯುತ್ತವೆ. ಒಂದಕ್ಕೆ ಕಬ್ಬಿಣದ ಔಷಧ, ಇನ್ನೊಂದಕ್ಕೆ ಮುಲಾಮು, ಮತ್ತೊಂದಕ್ಕೆ ಗುಳಿಗೆ ಎಂದು ಮನೆಯವರು ಅಲೆಯುತ್ತಾರೆ. ಆದರೆ ಮಜ್ಜೆಯನ್ನು ಬಲ್ಲವನಿಗೆ ಇವೆಲ್ಲ ಒಂದೇ ವಾಕ್ಯದ ಪದಗಳು. ಶಿಶುಗಳು ಮಡಿಯನ್ನೆಲ್ಲ ಆಕ್ರಮಿಸಿದವೆಂದು ಕೆಂಪುಕಣಗಳಿಗೆ ಎಡೆಯಿಲ್ಲ, ಅದರಿಂದ ಬಿಳಿಚಿಕೆ. ಕಿರುಬಿಲ್ಲೆಗಳಿಗೆ ಎಡೆಯಿಲ್ಲ, ಅದರಿಂದ ರಕ್ತದ ಜಿನುಗು. ಪ್ರೌಢ ಬಿಳಿಕಣಗಳಿಗೆ ಎಡೆಯಿಲ್ಲ, ಅದರಿಂದ ಜ್ವರ. ಲಕ್ಷ ಬಿಳಿಕಣಗಳ ನಡುವೆ ಕಾಯುವವನು ಒಬ್ಬನೂ ಇಲ್ಲದೆ ಮಗು ಸೋಲುತ್ತದೆ. ಒಳಗಿನ ಒತ್ತಡವೇ ಮೂಳೆಯ ನೋವು.

* * *

ಹಾಗಾದರೆ ಇವೆರಡು ಹೆಚ್ಚಳಗಳ ಭೇದವನ್ನು ತಿಳಿಯುವುದು ಹೇಗೆ? ಇಲ್ಲಿ ಒಂದು ಗಾಜಿನ ಪಟ್ಟಿಯ ಮಹಿಮೆಯನ್ನು ನೆನೆಯಬೇಕು. ಬೆರಳ ತುದಿಯ ಒಂದು ಹನಿ ರಕ್ತವನ್ನು ಅದರ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಟ್ಟೆಯ ಬಣ್ಣಗಳಿಂದ ರಕ್ತಕಣಗಳ ಜಾತಿಗಳನ್ನು ಬಿಡಿಸಿ ತೋರಿಸುವ ಈ ಉಪಾಯಕ್ಕೆ 1870ರ ದಶಕದ ಕೊನೆಯಲ್ಲಿ ತಳಪಾಯ ಹಾಕಿದವನು ಪಾಲ್ ಎರ್ಲಿಷ್. ಈಗ ಕಣಗಳನ್ನು ಎಣಿಸಲು ಯಂತ್ರಗಳಿವೆ. ನಿಮಿಷದಲ್ಲಿ ಸಂಖ್ಯೆಯನ್ನು ಹೇಳುತ್ತವೆ, ಸಂಶಯ ಬಂದರೆ ಎಚ್ಚರಿಕೆಯ ಗುರುತನ್ನೂ ಹಾಕುತ್ತವೆ. ಆ ಗುರುತನ್ನು ಕಂಡು ಗಾಜಿನ ಪಟ್ಟಿಯನ್ನು ಎತ್ತಿಕೊಂಡು, "ಇದು ಬ್ಲಾಸ್ಟ್" ಎಂದು ಗುರುತಿಸಬೇಕಾದ್ದು ತರಬೇತಾದ ಮನುಷ್ಯನ ಕಣ್ಣು. ಒಂದು ಮಗುವಿನ ಬಾಳು ಎಷ್ಟೋ ಸಲ, ಸಣ್ಣ ಊರಿನ ಪ್ರಯೋಗಶಾಲೆಯಲ್ಲಿ ಸಂಜೆಯ ಹೊತ್ತು ಕಣ್ಣು ನೋಯಿಸಿಕೊಂಡು ಕುಳಿತ ಒಬ್ಬ ಹೆಸರಿಲ್ಲದ ಕೆಲಸಗಾರನ ತಾಳ್ಮೆಯ ಮೇಲೆ ನಿಂತಿರುತ್ತದೆ.

ಸಂಶಯ ಬಲವಾದರೆ ಮುಂದಿನದು ಮಜ್ಜೆಯ ಪರೀಕ್ಷೆ. 1927ರಲ್ಲಿ ಲೆನಿನ್‌ಗ್ರಾಡಿನ ಅರಿಂಕಿನ್ ಎದೆಯ ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನು ಹೀರಿ ತೆಗೆಯುವ ಸುಲಭ ಮಾರ್ಗವನ್ನು ತೋರಿಸಿದ. ಈಗ ಸಾಮಾನ್ಯವಾಗಿ ಸೊಂಟದ ಹಿಂಬದಿಯ ಮೂಳೆಯಿಂದ, ನೋವು ತಿಳಿಯದಂತೆ ಮಾಡಿ, ತೆಗೆಯುತ್ತಾರೆ. ಐದಕ್ಕಿಂತ ಕಡಿಮೆಯಿರಬೇಕಾದ ಶಿಶುಗಳು ನೂರಕ್ಕೆ ಇಪ್ಪತ್ತನ್ನು ಮುಟ್ಟಿದರೆ ತೀವ್ರ ಲ್ಯುಕೀಮಿಯ ಎಂದು ವೈದ್ಯರು ಹೇಳುವುದು ವಾಡಿಕೆ.

ಈ ಪರೀಕ್ಷೆಗೆ ಮೊದಲು ಒಂದು ಎಚ್ಚರಿಕೆಯುಂಟು. ಕಾರಣ ತಿಳಿಯದ ಜ್ವರಕ್ಕೂ ಕೀಲುನೋವಿಗೂ ಸ್ಟೀರಾಯ್ಡ್ ಮಾತ್ರೆಯನ್ನು ನುಂಗಿಸಿದರೆ ಮಗು ನಾಲ್ಕು ದಿನ ಚೇತರಿಸಿಕೊಂಡಂತೆ ಕಾಣಬಹುದು. ಆ ಔಷಧಕ್ಕೆ ಲಿಂಫೋಸೈಟ್ ಶಿಶುಗಳು ತಾತ್ಕಾಲಿಕವಾಗಿ ಕರಗುತ್ತವೆ. ರೋಗದ ಗುರುತು ಅಳಿಸಿಹೋಗುತ್ತದೆ, ರೋಗ ಉಳಿಯುತ್ತದೆ. ತಿಂಗಳ ಮೇಲೆ ಅದು ಮರಳಿ ಬಂದಾಗ ಗೆಲ್ಲುವುದು ಹೆಚ್ಚು ಕಷ್ಟವಾಗುತ್ತದೆ.

* * *

ಒಂದು ಕಾಲಕ್ಕೆ ಈ ಹೆಸರನ್ನು ಕೇಳಿದ ತಾಯಿತಂದೆಗಳಿಗೆ ವೈದ್ಯನಲ್ಲಿ ಹೇಳುವ ಮಾತೇ ಇರಲಿಲ್ಲ. ಆ ಕತ್ತಲೆಯಲ್ಲಿ ಮೊದಲ ಹಣತೆ ಹಚ್ಚಿದ ಕಥೆಯ ಒಂದು ಕೊನೆ ನಮ್ಮ ದೇಶದಲ್ಲಿಯೇ ಇದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಕುಮಟೆ ಹೊನ್ನಾವರಗಳೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟಿನ ಸಾರವನ್ನು ಕೊಟ್ಟರೆ ವಾಸಿಯಾಗುತ್ತದೆಂದು ಅವರು ಕಂಡುಕೊಂಡು, 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ. 1941ರಲ್ಲಿ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು, ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹೆಸರಿಟ್ಟರು. ಮಜ್ಜೆಯ ಸಸಿಮಡಿಗೆ ಇದು ಗೊಬ್ಬರ. ಇದಿಲ್ಲದೆ ಕಣ ಒಡೆದು ಎರಡಾಗಲಾರದು.

ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು, 1923ರಲ್ಲಿ ಅಮೆರಿಕಕ್ಕೆ ಹೋದರು. ಸೋದರರನ್ನು ಸ್ಪ್ರೂ ಎಂಬ ಕರುಳಿನ ರೋಗಕ್ಕೆ ಕಳೆದುಕೊಂಡ ನೋವು ಅವರ ಬೆನ್ನಿಗಿತ್ತು. ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ನೇತೃತ್ವದ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬೋಸ್ಟನ್ನಿನ ಮಕ್ಕಳ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಇಂಥ ವಸ್ತುಗಳನ್ನು ಲ್ಯುಕೀಮಿಯದ ಮಕ್ಕಳಿಗೆ ಕೊಟ್ಟು ನೋಡಿದರೆ ರೋಗ ಇನ್ನೂ ಚುರುಕಾದಂತೆ ತೋರಿತು! ಗೊಬ್ಬರ ಕಳೆಗೂ ಗೊಬ್ಬರವೇ ತಾನೆ? ಹಾಗಾದರೆ ಗೊಬ್ಬರದಂತೆ ತೋರಿ ಗೊಬ್ಬರವಲ್ಲದ್ದನ್ನು ಕೊಟ್ಟರೆ? ಸುಬ್ಬರಾಯರ ತಂಡ ಅಂಥ ವಸ್ತುವನ್ನು ಮಾಡಿ ಕೊಟ್ಟಿತು, ಅದೇ ಅಮಿನಾಪ್ಟರಿನ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ಲೇಖನದಂತೆ, ಕಾಯಿಲೆಯ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆ ಚೇತರಿಕೆ ಕೆಲವು ತಿಂಗಳುಗಳದ್ದು ಮಾತ್ರ. ಆದರೂ ಮಾತಿಲ್ಲದ ವೈದ್ಯನಿಗೆ ಮೊದಲ ಮಾತು ದೊರೆತಿತ್ತು. ಅದೇ ವರುಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53. ಅಮಿನಾಪ್ಟರಿನ್ನಿನ ಸೋದರ ಮಿಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೀಮಿಯದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ಕೊಲ್ಲುವುದೊಂದೇ ಉಪಾಯವೆ? ಬೆಳೆಯಲು ಮರೆತ ಶಿಶುವಿಗೆ ಬೆಳೆಯುವುದನ್ನು ಕಲಿಸಲಾಗದೆ? 1980ರ ದಶಕದಲ್ಲಿ ಶಾಂಘೈಯ ವಾಂಗ್ ಝೆನ್‌ಯಿ ಎಂಬ ವೈದ್ಯರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಕಣಗಳು ಪ್ರೋಮೈಲೋಸೈಟ್ ಹಂತದಲ್ಲಿಯೇ ನಿಂತುಬಿಡುವ ಒಂದು ಜಾತಿಯ ಲ್ಯುಕೀಮಿಯದಲ್ಲಿ, ಎ ಜೀವಸತ್ತ್ವದ ಸಂಬಂಧಿಯಾದ ಒಂದು ಔಷಧವನ್ನು ಕೊಟ್ಟಾಗ, ನಿಂತಿದ್ದ ಕಣಗಳು ಮುಂದಿನ ಮೆಟ್ಟಿಲುಗಳನ್ನು ಹತ್ತಿ, ಪ್ರೌಢವಾಗಿ, ಕಾಲ ಬಂದಾಗ ತಾವಾಗಿ ಅಳಿದವು. ಚೀನದಲ್ಲಿಯೇ ಈ ರೋಗಕ್ಕೆ ಪಾಷಾಣವೂ ಮದ್ದಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಪಾಷಾಣವೊಂದನ್ನೇ ಹದವರಿತು ಬಳಸಿ ಬಹು ಮಂದಿಯನ್ನು ಗುಣಪಡಿಸಿದರು. ಮಡಿಯೇ ಕೆಟ್ಟಾಗ ಒಡಹುಟ್ಟಿದವರ ಅಥವಾ ಇನ್ನೊಬ್ಬ ದಾನಿಯ ಬೀಜಕಣಗಳನ್ನು ತಂದು ನೆಡುವ ಮಜ್ಜೆಯ ಕಸಿಯೂ ಉಂಟು. ಭಾರತದಲ್ಲಿ ಅದು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು.

* * *

ಸಿರಿವಂತ ದೇಶಗಳಲ್ಲಿ ಇಂದು ಲಿಂಫೋಸೈಟ್ ಜಾತಿಯ ಲ್ಯುಕೀಮಿಯ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಾಗದಿರುವುದಕ್ಕೆ ಔಷಧದ ಅಭಾವವೊಂದೇ ಕಾರಣವಲ್ಲ. ತಡವಾಗಿ ತಿಳಿಯುವುದು ಒಂದು. ಎರಡು ಮೂರು ವರುಷ ನಡೆಯಬೇಕಾದ ಚಿಕಿತ್ಸೆಯನ್ನು ನಡುವೆ ಬಿಡುವುದು ಇನ್ನೊಂದು. ಮೊದಲ ತಿಂಗಳಿನಲ್ಲಿಯೇ ಮಗುವಿನ ಕೆನ್ನೆಗೆ ಬಣ್ಣ ಬರುತ್ತದೆ, ರಕ್ತದಲ್ಲಿ ಶಿಶುಗಳು ಮಾಯವಾಗುತ್ತವೆ. "ವಾಸಿಯಾಯಿತಲ್ಲ" ಎಂದು ಮನೆಯವರು ಹಿಂದಿರುಗುತ್ತಾರೆ. ಅಡಗಿ ಕುಳಿತ ನಾಲ್ಕು ಕಳೆಯ ಬೀಜಗಳು ಮುಂದಿನ ಮಳೆಯನ್ನು ಕಾಯುತ್ತಿರುತ್ತವೆ.

ಹಾಗೆ ಹಿಂದಿರುಗುವವರನ್ನು ತಪ್ಪಿತಸ್ಥರೆನ್ನುವುದು ಸುಲಭ. ಅವರ ದಾರಿಯನ್ನು ಅಳೆದು ನೋಡಿದವರು ಹಾಗೆನ್ನಲಾರರು. ಹಿರೇಗುತ್ತಿಯಿಂದ ದಕ್ಷಿಣಕ್ಕೆ ಮಣಿಪಾಲ, ಘಟ್ಟ ಹತ್ತಿದರೆ ಹುಬ್ಬಳ್ಳಿ. ಎರಡೂ ನೂರೈವತ್ತು ಕಿಲೋಮೀಟರಿನ ಆಚೀಚೆ. 1973ರಿಂದ ಬಡವರ ಕೈಹಿಡಿದಿರುವ ಕಿದ್ವಾಯಿ ಸ್ಮಾರಕ ಸಂಸ್ಥೆ ಇರುವುದು ದೂರದ ಬೆಂಗಳೂರಿನಲ್ಲಿ. ಪ್ರತಿ ಪ್ರಯಾಣಕ್ಕೂ ತಂದೆಯ ಕೂಲಿ ಹೋಗುತ್ತದೆ, ಮನೆಯಲ್ಲಿ ಉಳಿದ ಮಕ್ಕಳು ನೆರೆಯವರ ಪಾಲಾಗುತ್ತಾರೆ. ಸರಕಾರದ ಆರೋಗ್ಯ ಯೋಜನೆಯಿಂದ ಔಷಧದ ವೆಚ್ಚಕ್ಕೆ ಆಸರೆ ದೊರೆತರೂ, ಬಸ್ಸಿನ ದುಡ್ಡಿಗೂ ಬಿಟ್ಟ ಕೆಲಸಕ್ಕೂ ಯಾವ ಚೀಟಿಯಿದೆ? ಉತ್ತರ ಕನ್ನಡದ ಜನ 2019ರಲ್ಲಿಯೂ 2022ರಲ್ಲಿಯೂ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ದನಿಯೆತ್ತಿ ಕೇಳಿದ್ದು ಬರಿಯ ಹಟಕ್ಕಲ್ಲ.

ಆಸ್ಪತ್ರೆ ಕಟ್ಟುವುದು ಒಬ್ಬರ ಕೈಯಲ್ಲಿಲ್ಲ. ಬಿಳಿಚಿಕೆ, ನೀಲಿ ಕಲೆ, ಬಿಡದ ಜ್ವರ ಮೂರೂ ಕೂಡಿ ಬಂದ ಮಗುವಿನ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ನೋಡಿಸುವುದು ಮಾತ್ರ ಎಲ್ಲರ ಕೈಯಲ್ಲಿದೆ. ಅಂಥ ಮಕ್ಕಳಲ್ಲಿ ಎಷ್ಟೋ ಮಂದಿಗೆ ಲ್ಯುಕೀಮಿಯ ಇರುವುದೇ ಇಲ್ಲ. ತಾಯಿ ಆ ರಾತ್ರಿ ನೆಮ್ಮದಿಯಿಂದ ಮಲಗಬಹುದು. ಇದ್ದರೆ, ಮೂರು ವಾರ ಮೊದಲೇ ತಿಳಿದದ್ದಾಯಿತು.

ಸಸಿಮಡಿಯ ಬದುವಿನ ಮೇಲೆ ನಿಂತ ಬೇಸಾಯಗಾರ ಹಸುರು ಎಷ್ಟು ದಟ್ಟವಾಗಿದೆಯೆಂದು ಹಿಗ್ಗಿ ಮನೆಗೆ ಹೋಗುವುದಿಲ್ಲ. ಬಗ್ಗಿ ಒಂದು ಸಸಿಯನ್ನು ಕಿತ್ತು, ಬೇರಿನಿಂದ ತುದಿಯವರೆಗೆ ನೋಡುತ್ತಾನೆ. ರಕ್ತದ ಚೀಟಿಯನ್ನು ಓದುವವರೂ ಮೇಲಿನ ಸಂಖ್ಯೆಗೆ ನಿಲ್ಲದೆ, ಕೆಳಗಿನ ಸಾಲುಗಳಲ್ಲಿ ಕಣಗಳ ವಯಸ್ಸನ್ನೂ ಕೇಳಿ ತಿಳಿದುಕೊಳ್ಳಬೇಕು.